ಉರಿಯುತ್ತಿರುವ ಲಾಟೀನನ್ನು ಗುಜರಿ ಕೋಣೆಗೆ ಹಿಂದಿರುಗಿಸುವ ಬಗ್ಗೆ

ಇಂದ,
ಮೃತ ಭೂಮಾಪಕರ ಪತ್ನಿ
(ಅದೇ ಮನೆ, ಅದೇ ವಿಳಾಸ, ಬಾಗಿಲ ಮೇಲಿನ ಹೆಸರಿನ ಫಲಕ ಇನ್ನೂ ಬದಲಾಗಿಲ್ಲ)

ಗೆ,
ಉಗ್ರಾಣಾಧಿಕಾರಿಗಳು,
ಭೂಮಾಪನ ಕಚೇರಿ, ನೆಲಮಾಳಿಗೆ

ವಿಷಯ: ಕೆಟ್ಟ ಸ್ಥಿತಿಯಲ್ಲಿ ಎರವಲು ಪಡೆದ ಹಳೆಯ ಶಿಬಿರ ಲಾಟೀನೊಂದನ್ನು ಉರಿಯುವ ಸ್ಥಿತಿಯಲ್ಲಿ ಹಿಂದಕ್ಕೆ ಪಡೆದು, ಅದನ್ನು ತೂಕಕ್ಕೆ ಹಾಕಿ ಮಾರದಂತೆ ಕೋರಿ.

ಉಲ್ಲೇಖ: ೧. ಮೃತರಿಗೆ ತಾವು ಕಳಿಸಿದ ಜ್ಞಾಪನ ಪತ್ರ.
೨. ಇಂದು ಬೆಳಗ್ಗೆ ತಾವು ಬಾಯಿಮಾತಿನಲ್ಲಿ ಹೇಳಿದ್ದು: "ಕೆಟ್ಟಿದ್ದು ಹೇಗೆ ಸರಿಹೋಯ್ತು ಅಂತ ಮೊದಲಿಂದ ಬರ್ದು ಕೊಡಿ."

ಮಾನ್ಯರೇ,

ಸರಿಯಿದ್ದ ವಸ್ತು ಕೆಟ್ಟರೆ ತಮ್ಮ ಉಗ್ರಾಣದಲ್ಲಿ ಒಂದು ಸಹಿ ಸಾಕು. ಕೆಟ್ಟ ವಸ್ತು ಸರಿಹೋದರೆ ಮಾತ್ರ ಕಾರಣಸಹಿತ ಅರ್ಜಿ ಬೇಕು ಎಂದು ತಿಳಿಸಿದ್ದೀರಿ. ನಿಯಮ ನ್ಯಾಯವಾಗಿಯೇ ಇದೆ. ಕೆಟ್ಟದ್ದು ಸರಿಹೋಗುವುದು ದಿನಾ ನಡೆಯುವ ಸಂಗತಿಯಲ್ಲವಾದ ಕಾರಣ ಅನುಮಾನ ಸಹಜ. ಆದ್ದರಿಂದ ತಾವು ಊಟ ಮುಗಿಸಿ ಬರುವಷ್ಟರಲ್ಲಿ, ಉಗ್ರಾಣದ ಹೊರಗಿನ ಬೆಂಚಿನ ಮೇಲೆ ಕುಳಿತು, ತಾವೇ ಕೊಟ್ಟ ಹಾಳೆಗಳಲ್ಲಿ ಈ ಕೆಳಗಿನಂತೆ ಬರೆಯಲಾಗಿದೆ.

೧. ನೆಂಟರು ಹೊರಟುಹೋದ ಮರುದಿನ ಬೆಳಗ್ಗೆ, ಅಂದರೆ ಅಂತ್ಯಕ್ರಿಯೆಯ ನಂತರ ಹಾಲಿನವನು, ಕಸದ ಗಾಡಿ, ನಲ್ಲಿಯ ನೀರು ಎಲ್ಲವೂ ಮೊದಲ ಬಾರಿಗೆ ತಂತಮ್ಮ ಹೊತ್ತಿಗೆ ಬಂದ ಬೆಳಗ್ಗೆ, ಅರ್ಜಿದಾರಳು ಎದ್ದು ಏನು ಮಾಡಬೇಕೆಂದು ತೋಚದೆ ಹಲ್ಲುಜ್ಜಿದಳು. ಮುಗಿದ ಮೇಲೂ ಏನೂ ತೋಚದ ಕಾರಣ ಇನ್ನೊಮ್ಮೆ ಹಲ್ಲುಜ್ಜಿದಳು. ಮೂರನೆಯ ಸಲಕ್ಕೆ ಬ್ರಷ್ಷು ಕೈಗೆತ್ತಿಕೊಂಡಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು. ಹೊರಗೆ ತಮ್ಮ ಕಚೇರಿಯ ಜವಾನರು ನಿಂತಿದ್ದರು.

"ಅಕ್ಕಾ, ಸಾಹೇಬ್ರಿಗೆ ಒಂದು ಮೆಮೋ ಇದೆ."

"ಸಾಹೇಬ್ರು ಇಲ್ಲ."

"ಗೊತ್ತಕ್ಕಾ. ಅವತ್ತು ನಾನೂ ಬಂದಿದ್ದೆ, ಹಿಂದೆ ನಿಂತಿದ್ದೆ. ಆದ್ರೆ ಇದು ಅದಕ್ಕೆ ಮುಂಚೆನೇ ಟೈಪಾಗಿತ್ತು. ಖುದ್ದು ಅವರ ಕೈಗೇ ಕೊಡ್ಬೇಕು ಅಂತ ಬೇರೆ ಬರ್ದುಬಿಟ್ಟಿದ್ದಾರೆ."

"ಈಗೇನ್ಮಾಡೋದು?"

"ನೀವೇ ಸಹಿ ಹಾಕಿಬಿಡಿ. ಅವರ ಪರವಾಗಿ ಅಂತೆಲ್ಲ ಬರೀಬೇಡಿ, ಆಮೇಲೆ ಯಾಕೆ ಪರವಾಗಿ ಅಂತ ಕೇಳ್ತಾರೆ. ಸುಮ್ನೆ ಹಾಕಿ."

ಗುಜರಿ ಕೋಣೆಯನ್ನು ಹರಾಜಿನಲ್ಲಿ ಖಾಲಿ ಮಾಡಲಿರುವ ಕಾರಣ, ಅಲ್ಲಿಂದ ಪಡೆದ ಲಾಟೀನನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದೆಂದೂ, ತಪ್ಪಿದಲ್ಲಿ ಅವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದೆಂದೂ ಅದರಲ್ಲಿ ಮೃತರಿಗೆ ಎಚ್ಚರಿಕೆ ನೀಡಲಾಗಿತ್ತು. ಅಷ್ಟು ದಿನಗಳಲ್ಲಿ ಬಂದವರೆಲ್ಲ ಮೃತರ ಬಗ್ಗೆ ತಗ್ಗಿದ ದನಿಯಲ್ಲಿ, ಮುಗಿದುಹೋದ ಕಾಲದಲ್ಲಿ ಮಾತಾಡಿದ್ದರು. ಅವರು ನಾಳೆ ಬೆಳಗ್ಗೆ ಕಚೇರಿಗೆ ಬರಲಿದ್ದಾರೆ, ತಪ್ಪಿಸಿಕೊಂಡರೆ ಸುಮ್ಮನೆ ಬಿಡುವುದಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದ್ದು ಈ ಪತ್ರ ಒಂದೇ. ಆದ ಕಾರಣ ಅರ್ಜಿದಾರಳು ಅದನ್ನು ಬಾಗಿಲಲ್ಲೇ ನಿಂತು ಮತ್ತೆ ಮತ್ತೆ ಓದಿದಳು. ಬೈಗುಳ ಅಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

೨. ಸದರಿ ಲಾಟೀನಿನ ಹಿನ್ನೆಲೆ: ತಮ್ಮ ಕಚೇರಿಯವರು ಹಿಂದೆ ಗುಡ್ಡಗಾಡಿನಲ್ಲಿ ಡೇರೆ ಹಾಕಿ ಅಳತೆ ಮಾಡುತ್ತಿದ್ದ ಕಾಲದ್ದು. ಸೀಮೆಎಣ್ಣೆ ಹಾಕಿ, ಪಂಪು ಹೊಡೆದು ಗಾಳಿ ತುಂಬಿ ಉರಿಸುವಂಥದ್ದು. ಹಿತ್ತಾಳೆಯ ಹೊಟ್ಟೆ, ತಗಡಿನ ಟೋಪಿ, ನಡುವೆ ಗಾಜು. ಮೃತರು ಅದನ್ನು ಮುರಿದ ಕುರ್ಚಿಗಳ ಕೆಳಗೆ ಕಂಡು, ತಮ್ಮನ್ನು ಕೇಳಿ, ಮನೆಗೆ ತಂದರು. "ಕೆಟ್ಟಿದ್ದನ್ನ ಒಯ್ತಿದ್ದೀನಿ, ಉರಿಯೋದನ್ನ ತಂದು ಕೊಡ್ತೀನಿ" ಎಂದು ತಮಗೆ ಮಾತು ಕೊಟ್ಟಿದ್ದರಂತೆ. ತಾವು ನಕ್ಕಿರಂತೆ. ಮನೆಯಲ್ಲಿ ಅರ್ಜಿದಾರಳು ನಗಲಿಲ್ಲ.

"ಇದು ಯಾಕ್ರೀ ಈಗ? ಬಚ್ಚಲಿನ ಬಲ್ಬು ಹೋಗಿ ಎಷ್ಟು ದಿನ ಆಯ್ತು, ಅದನ್ನ ಹಾಕಲ್ಲ."

"ಬಲ್ಬು ಯಾರು ಬೇಕಾದ್ರೂ ಹಾಕ್ತಾರೆ, ವಿಜ್ಞಾನಿಗಳೇ. ಇದನ್ನ ರಾತ್ರಿ ಒಂದು ಗುಡ್ಡದ ತುದೀಲಿ ಉರಿಸಿ ಇಡ್ತಿದ್ರು. ಎಲ್ಲೋ ದೂರದ ಇನ್ನೊಂದು ಗುಡ್ಡದಿಂದ ದುರ್ಬೀನಲ್ಲಿ ನೋಡಿ ಕೋನ ಅಳೀತಿದ್ರು. ಹಗಲಲ್ಲಿ ಎಷ್ಟು ಕಣ್ಣು ಕಿರಿದು ಮಾಡಿದ್ರೂ ಸಿಗದ ಜಾಗ, ಕತ್ತಲಲ್ಲಿ ಪಟ್ಟಂತ ಸಿಗೋದು."

"ಈಗ ನೀವು ಯಾರಿಗೆ ಸಿಗ್ಬೇಕು?"

"ಮೊದ್ಲು ಉರೀಲಿ ತಡಿ."

ವಿಜ್ಞಾನಿ ಎಂಬುದು, ಅರ್ಜಿದಾರಳು ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರೆಯಾಗಿರುವ ಕಾರಣ ಮನೆಯೊಳಗೆ ಸಿಕ್ಕ ಬಿರುದು. ಮನೆಯ ಹೊರಗೆ ಅದನ್ನು ಯಾರೂ ಬಳಸಿದ್ದಿಲ್ಲ.

೩. ಮೃತರು ಲಾಟೀನನ್ನು ಪೂರ್ತಿ ಬಿಚ್ಚಿದರು. ಬಿಚ್ಚಿದ ಕ್ರಮದಲ್ಲೇ ಒಂದೊಂದು ಭಾಗವನ್ನೂ ಇಸ್ತ್ರಿ ಮೇಜಿನ ಮೇಲೆ ಪತ್ರಿಕೆ ಹಾಸಿ ಸಾಲಾಗಿ ಇಟ್ಟರು. ಸಾಲಿನ ಕೊನೆಯಿಂದ ಹಿಂದಕ್ಕೆ ಬಂದರೆ ಲಾಟೀನು ತಾನಾಗಿಯೇ ಕೂಡಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಅಷ್ಟರಲ್ಲಿ ಜ್ವರ ಬಂತು. ಸಣ್ಣ ಜ್ವರ ಎಂದರು. ಆಮೇಲೆ ದೊಡ್ಡ ಆಸ್ಪತ್ರೆ ಎಂದರು. ಮುಂದಿನದು ಕಚೇರಿಯ ಗಮನಕ್ಕೆ ಬಂದಿರುವ ವಿಷಯವಾದ್ದರಿಂದ ಇಲ್ಲಿ ವಿವರಿಸಿಲ್ಲ.

೪. ಅರ್ಜಿದಾರಳ ಅತ್ತೆ, ಅಂದರೆ ಮೃತರ ತಾಯಿ, ಕೂತಲ್ಲಿ ಕೂರುವವರಲ್ಲ. ಮಗ ಹೋದ ಮೇಲೆ ಅವರು ಮನೆಯ ಪರದೆ, ಹೊದಿಕೆ, ದಿಂಬಿನ ಚೀಲ, ಕಾಲೊರಸು, ಕೊನೆಗೆ ರೇಡಿಯೋದ ಮೇಲೆ ಮುಚ್ಚುವ ಬಟ್ಟೆಯವರೆಗೆ ಎಲ್ಲವನ್ನೂ ಒಗೆದುಹಾಕಿದ್ದರು. ಬರುವವರಿಗೆ ಜಾಗ ಬೇಕೆಂದು ಇಸ್ತ್ರಿ ಮೇಜನ್ನೂ ಖಾಲಿ ಮಾಡಿದ್ದರು. ಆ ಸಾಲನ್ನು ಒಂದೇ ಕೈಯಲ್ಲಿ ಬಾಚಿ ಬಿಸ್ಕತ್ತಿನ ದೊಡ್ಡ ಡಬ್ಬಿಗೆ ತುಂಬಿ, ಡಬ್ಬಿಯ ಹೊರಮೈಯನ್ನೂ ಒರೆಸಿ ಇಟ್ಟಿದ್ದರು. ಪತ್ರ ಬಂದ ಬೆಳಗ್ಗೆ ಅರ್ಜಿದಾರಳು ಮುಚ್ಚಳ ತೆಗೆದು ನೋಡಿದಾಗ, ಮೃತರ ಲೆಕ್ಕ ಒಂದರ ಮೇಲೊಂದು ಬಿದ್ದುಕೊಂಡಿತ್ತು.

ಅರ್ಜಿದಾರಳು ಮುಚ್ಚಳವನ್ನು ಮತ್ತೆ ಹಾಕಿದಳು. ಆ ದಿನಗಳಲ್ಲಿ ಅವಳು ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ. ನೆಂಟರು ಅದನ್ನು ಧೈರ್ಯ ಎಂದು ಹೊಗಳಿದ್ದರು.

೫. ಡಬ್ಬಿಯನ್ನು ಹಾಗೇ ಎತ್ತಿಕೊಂಡು ಅವಳು ತಮ್ಮ ಉಗ್ರಾಣಕ್ಕೆ ಬಂದದ್ದು ತಮಗೆ ನೆನಪಿರಬಹುದು. ತಾವು ಡಬ್ಬಿ ಅಲ್ಲಾಡಿಸಿ, ಸದ್ದು ಕೇಳಿ, "ಪೂರ್ತಿ ಇದೆಯಾ?" ಎಂದಿರಿ. "ಗೊತ್ತಿಲ್ಲ" ಎಂದಳು. "ಇರ್ಲಿ ಬಿಡಿ, ಹೇಗಿದ್ರೂ ತೂಕಕ್ಕೆ ಹೋಗೋದು" ಎನ್ನುತ್ತ ಹಿತ್ತಾಳೆ ಭಾಗಗಳನ್ನು ಆರಿಸಿ ತಕ್ಕಡಿಗೆ ಹಾಕಿದಿರಿ. ತಕ್ಕಡಿಯಲ್ಲಿ ಆಗಲೇ ಎರಡು ಹಳೇ ನಲ್ಲಿಗಳೂ ಒಂದು ಬಾಗಿಲ ಚಿಲಕವೂ ಇದ್ದವು. ಅರ್ಜಿದಾರಳಿಗೆ ಅದೇಕೋ ಆ ಸಹವಾಸ ಹಿಡಿಸಲಿಲ್ಲ. ಕೈಹಾಕಿ ಭಾಗಗಳನ್ನು ತೆಗೆದು ಮತ್ತೆ ಡಬ್ಬಿಗೆ ಹಾಕಿಕೊಂಡಳು. ಅವಸರದಲ್ಲಿ ತಮ್ಮ ಚಿಲಕವೂ ಬಂದುಬಿಟ್ಟಿತ್ತು. ಅದನ್ನು ಅಲ್ಲೇ ವಾಪಸು ಕೊಡಲಾಗಿದೆ.

"ಏನಮ್ಮಾ ಇದು? ಇಲ್ಲೇ ಬಿಟ್ಟು ಹೋದ್ರೆ ನಿಮಗೂ ಹಗುರ ಅಲ್ವಾ?"

"ಸ್ವಲ್ಪ ಟೈಮ್ ಕೊಡಿ ಸಾರ್. ಉರಿಯೋದನ್ನ ತಂದು ಕೊಡ್ತೀನಿ ಅಂದಿದ್ರಂತೆ."

"ಅಂದಿದ್ರು. ಅಂದಿದ್ದು ಅವರು. ನಿಮಗೇನು ಬರತ್ತೆ?"

"ಏನೂ ಬರಲ್ಲ."

ತಾವು ಅವಳ ಮುಖ ನೋಡಿದಿರಿ, ಆಮೇಲೆ ತಕ್ಕಡಿ ನೋಡಿದಿರಿ. "ಹರಾಜಿಗೆ ಮುಂಚೆ ತನ್ನಿ. ಆ ದಿನ ದಾಟಿದ್ರೆ ನನ್ನ ಕೈಲಿಲ್ಲ" ಎಂದಿರಿ. ಈ ಉಪಕಾರವನ್ನು ಕಡತದಲ್ಲಿ ದಾಖಲಿಸಬಾರದೆಂದಿದ್ದಲ್ಲಿ ಈ ಕಂಡಿಕೆಯನ್ನು ಹೊಡೆದುಹಾಕಬಹುದು.

೬. ಇನ್ನು ರಿಪೇರಿಯ ವಿವರ. ಅನಿಲದ ಒತ್ತಡ, ಗಾತ್ರ, ಉಷ್ಣತೆಗಳ ನಡುವಿನ ಸಂಬಂಧ ಅರ್ಜಿದಾರಳಿಗೆ ಸೂತ್ರಸಹಿತ ಗೊತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದು ಪೂರ್ಣ ಅಂಕವೂ ಬಂದಿತ್ತು. ಆ ಜ್ಞಾನದ ಆಧಾರದ ಮೇಲೆ ಅವಳು ಮೊದಲ ಸಲ ಕೂಡಿಸಿದ ಲಾಟೀನು ನೇರವಾಗಿ ನಿಂತಿತು; ಎಣ್ಣೆ ಮಾತ್ರ ಬುಡದಿಂದ ಬಂತು. ಎರಡನೆಯ ಸಲ ಎಣ್ಣೆ ನಿಂತಿತು. ಪಂಪು ಹೊಡೆದರೆ ಗಾಳಿ ಒಳಗೆ ಹೋಗದೆ ಅರ್ಜಿದಾರಳ ಮುಖಕ್ಕೆ ಬಂತು. ಅತ್ತೆ ಬಚ್ಚಲಿನಿಂದ ತಲೆ ಹೊರಹಾಕಿ ನೋಡಿದರು.

"ಏನದು ಬುಸ್ ಬುಸ್?"

"ಪಂಪು ಹಿಡೀತಿಲ್ಲ ಅತ್ತೆ."

"ಒಳಗೆ ತೊಗಲಿನ ವಾಷರ್ ಒಣಗಿರತ್ತೆ. ನಮ್ಮ ಸ್ಟೋವಿಂದೂ ಹಾಗೇ ಆಗೋದು. ಎಣ್ಣೇಲಿ ನೆನೆಹಾಕು, ಉಬ್ಬತ್ತೆ."

"ಯಾವ ಎಣ್ಣೆ?"

"ಎಣ್ಣೇಲೂ ಜಾತಿ ಕೇಳ್ತೀಯಲ್ಲ, ಕೈಗೆ ಸಿಕ್ಕಿದ್ದು!"

ಕೈಗೆ ಸಿಕ್ಕಿದ್ದು ಅತ್ತೆ ತಲೆಗೆ ಹಚ್ಚುವ ಎಣ್ಣೆ. ತೊಗಲು ಉಬ್ಬಿತು, ಗಾಳಿ ಹಿಡಿಯಿತು. ಅಂದಿನಿಂದ ಪಂಪು ಹೊಡೆದಾಗಲೆಲ್ಲ ಲಾಟೀನು ಈಗಷ್ಟೇ ತಲೆ ಬಾಚಿಕೊಂಡು ಬಂದವರ ಹಾಗೆ ಘಮ್ಮೆನ್ನುತ್ತದೆ. ಇದನ್ನು ದೋಷವೆಂದು ಪರಿಗಣಿಸಬಾರದಾಗಿ ಕೋರಿದೆ.

ಅನಿಲ ಚಿಮ್ಮುವ ಸಣ್ಣ ತೂತಿನಲ್ಲಿ ಕಟ್ಟಿದ್ದ ಮಸಿಯನ್ನು ಅರ್ಜಿದಾರಳು ಪಿನ್ನಿನಿಂದ ಬಿಡಿಸಿದಳು. ಈ ಕೆಲಸಕ್ಕೆ ಒಂದು ಮಧ್ಯಾಹ್ನವಿಡೀ ಹಿಡಿಯಿತು, ಆ ಮಧ್ಯಾಹ್ನ ಅವಳಿಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಇಷ್ಟು ಸಣ್ಣ ತೂತು ಮನುಷ್ಯರ ತಲೆಗೆ ಇಷ್ಟು ದೊಡ್ಡ ಉಪಕಾರ ಮಾಡಬಲ್ಲದೆಂದು ಯಾವ ಪಠ್ಯದಲ್ಲೂ ಇರಲಿಲ್ಲ.

೭. ಉಳಿದದ್ದು ಬತ್ತಿ. ಈ ಬಗೆಯ ಲಾಟೀನಿಗೆ ಬತ್ತಿಯ ಬದಲು ಜಾಳಿಗೆಯಂಥ ಒಂದು ಪುಟ್ಟ ಬಟ್ಟೆಯ ಚೀಲ ಕಟ್ಟಬೇಕು. ಅಂಗಡಿಯಲ್ಲಿ ಮ್ಯಾಂಟಲ್ ಎನ್ನುತ್ತಾರೆ. 'ಅಂಗಡಿಯಲ್ಲಿ' ಎಂದರೆ, ಅದನ್ನು ಇಟ್ಟಿರುವ ಅಂಗಡಿಯಲ್ಲಿ. ಉಳಿದ ಅಂಗಡಿಗಳಲ್ಲಿ ನಗುತ್ತಾರೆ. ಕೊನೆಗೆ ಪೇಟೆಯ ಹಿಂದಿನ ಬೀದಿಯಲ್ಲಿ ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಏಣಿ ಹತ್ತಿ, ದೂಳು ಊದಿ, ಒಂದು ಜೋಡಿ ತೆಗೆದರು. ಕೊಡಲು ಮಾತ್ರ ಅವರಿಗೆ ಮನಸ್ಸು ಬರಲಿಲ್ಲ.

"ಇದನ್ನ ಕಟ್ಟೋಕೆ ಗೊತ್ತಿರ್ಬೇಕು ತಾಯಿ. ನಿಮ್ಮನೆಯವ್ರನ್ನೇ ಕಳಿಸಿ, ಅವರಿಗೆ ಹೇಳಿಕೊಡ್ತೀನಿ."

"ಅವರು ಬರೋದು ತಡ ಆಗತ್ತೆ" ಎಂದಳು ಅರ್ಜಿದಾರಳು.

"ಪರ್ವಾಗಿಲ್ಲ, ಸಂಜೆ ತನಕ ತೆಗೆದಿರ್ತೀನಿ."

"ಸಂಜೆಗೂ ಆಗಲ್ಲ. ಕೊಟ್ಟುಬಿಡಿ."

ಸತ್ಯವನ್ನು ಹೇಳಬೇಕಾದೀತೆಂಬ ಭಯಕ್ಕೆ ಅವಳು ಮ್ಯಾಂಟಲ್ ಜೊತೆಗೆ, ಅವರು ತೋರಿಸಿದ ಒಂದು ಸುತ್ತಿಗೆಯನ್ನೂ ಕೊಂಡುಬಂದಳು. ಸುತ್ತಿಗೆಗೆ ಇನ್ನೂ ಕೆಲಸ ಸಿಕ್ಕಿಲ್ಲ.

೮. ಇಲ್ಲಿಂದ ಮುಂದಿನದು ಉಗ್ರಾಣದ ವ್ಯಾಪ್ತಿಗೆ ಬರುವುದಿಲ್ಲ. ಆದರೆ 'ಹೇಗೆ ಸರಿಹೋಯ್ತು' ಎಂದು ತಾವು ಕೇಳಿರುವ ಕಾರಣ ಬಿಡುವಂತೆಯೂ ಇಲ್ಲ.

ಆ ಸಂಜೆ ಅರ್ಜಿದಾರಳು ಮ್ಯಾಂಟಲ್ ಕಟ್ಟಿ ಕಡ್ಡಿ ಗೀರಿದಳು. ಅದು ಉರಿದು, ಮಡಚಿಕೊಂಡು, ಉದುರಿಹೋಯಿತು. ಹಳದಿ ಜ್ವಾಲೆಯೊಂದು ಗಾಜಿನವರೆಗೆ ಎದ್ದು ಮನೆತುಂಬ ಹೊಗೆ ಮಾಡಿತು. ಜೋಡಿಯ ಇನ್ನೊಂದನ್ನು ಕೈಗೆತ್ತಿಕೊಂಡಾಗಲೇ ಅವಳಿಗೆ ಅದು ಗರಿಗರಿಯಾಗಿರುವುದು ಗಮನಕ್ಕೆ ಬಂದದ್ದು. ಮೂಸಿದಳು. ಸೋಪು.

"ಅತ್ತೆ, ಇದನ್ನ ಒಗೆದ್ರಾ?"

"ಮತ್ತೆ? ಅಂಗಡೀಲಿ ಯಾರ್ಯಾರ ಕೈಯಲ್ಲಿ ಓಡಾಡಿತ್ತೋ. ಹೊಸ ಬಟ್ಟೆ ಒಗೀದೆ ಈ ಮನೇಲಿ ಯಾವತ್ತು ಬಳಸಿದ್ದೀವಿ? ಮೆತ್ತಗಿತ್ತು ಅಂತ ಒಂಚೂರು ಗಂಜೀನೂ ಹಾಕ್ದೆ."

"ಅದು ಬಟ್ಟೆ ಅಲ್ಲ ಅತ್ತೆ, ಬತ್ತಿ!"

"ಬತ್ತಿಗೆ ಯಾರಾದ್ರೂ ಚೀಲ ಹೊಲೀತಾರಾ?"

ಆ ಜಾಳಿಗೆಯ ನೂಲು ಒಂದು ಬಗೆಯ ಲವಣವನ್ನು ಹೀರಿಕೊಂಡಿರುತ್ತದೆ. ನೂಲು ಸುಟ್ಟು ಹೋದ ಮೇಲೂ ಲವಣದ ಬೂದಿ ಚೀಲದ ಆಕಾರದಲ್ಲೇ ನಿಲ್ಲುತ್ತದೆ, ಬೆಳಗುವುದು ಆ ಬೂದಿ. ನೀರಿಗೆ ಅದ್ದಿದರೆ ಲವಣ ಕರಗಿಹೋಗುತ್ತದೆ. ಇದು ಅರ್ಜಿದಾರಳಿಗೆ ಗೊತ್ತಿತ್ತು. ಆ ಸಂಜೆ ಅವಳು ಅತ್ತೆಗೆ ವಿವರಿಸಬೇಕಾದದ್ದೂ ಇದನ್ನೇ. ಅವಳ ಬಾಯಿಂದ ಬಂದದ್ದು ಬೇರೆ.

"ಕಂಡಿದ್ದನ್ನೆಲ್ಲ ಒಗೀತೀರಿ! ಏನನ್ನೂ ಬಿಡಲ್ಲ! ಅವರ ಅಂಗೀನೂ ಒಗೆದುಹಾಕಿದ್ರಿ!"

ಜ್ವರ ಬಂದ ದಿನ ಮೃತರು ಕಳಚಿ ಬಚ್ಚಲ ಬಾಗಿಲ ಹಿಂದೆ ನೇತುಹಾಕಿದ್ದ ನೀಲಿ ಅಂಗಿಯ ಮಾತದು. ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಅದು ಒಗೆದು, ಒಣಗಿ, ಇಸ್ತ್ರಿಯಾಗಿ, ಕಪಾಟಿನಲ್ಲಿ ಉಳಿದೆಲ್ಲ ಅಂಗಿಗಳ ಹಾಗೆ ಮಡಚಿ ಕೂತಿತ್ತು. ಆ ಬಗ್ಗೆ ಅರ್ಜಿದಾರಳು ಅಲ್ಲಿಯವರೆಗೆ ಯಾವ ಕಚೇರಿಗೂ ದೂರು ಸಲ್ಲಿಸಿರಲಿಲ್ಲ.

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕುಳಿತರು.

"ಅದ್ರಲ್ಲಿ ಕಾಯಿಲೆ ವಾಸನೆ ಇತ್ತು ಕಣೇ."

"ಅವರ ವಾಸನೇನೂ ಇತ್ತು."

"ನಿಂಗೆ ಅದು ಬೇಕು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನೀನು ಬಾಯಿಬಿಟ್ಟು ಏನಾದ್ರೂ ಅಂದಿದ್ಯಾ? ನಿನ್ನ ಬಾಯಿಂದ ಒಂದು ಮಾತು ಹೊರಡ್ಬೇಕಾದ್ರೆ ಅರ್ಜಿ ಹಾಕ್ಬೇಕು." ಆಮೇಲೆ ತಮ್ಮ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಅವು ನಡುಗುತ್ತಿದ್ದವು. "ನೋಡು. ಸುಮ್ನೆ ಕೂತ್ರೆ ಹೀಗಾಗತ್ತೆ. ಬಟ್ಟೆ ಹಿಂಡ್ತಿದ್ರೆ ಆಗಲ್ಲ. ಅದಕ್ಕೆ ಒಗೀತೀನಿ. ಒಗೆಯೋಕೆ ಈ ಮನೇಲಿ ಇನ್ನೇನು ಉಳಿದಿದೆ ಹೇಳು?"

ಅರ್ಜಿದಾರಳು ಹತ್ತಿರ ಹೋಗಿ ಆ ಕೈಗಳನ್ನು ಹಿಡಿದುಕೊಂಡಳು. ಅವಳ ಕೈತುಂಬ ಮಸಿ ಇತ್ತು. ಅತ್ತೆ ಬಹಳ ಹೊತ್ತು ಸಹಿಸಿಕೊಂಡಿದ್ದು, ಕೊನೆಗೆ, "ಆಯ್ತು, ಈಗ ಬಿಡು, ಸೆರಗಿಗೆಲ್ಲ ಹತ್ತಿಸ್ಬೇಡ" ಎಂದರು. ಅತ್ತು ಮುಗಿದ ಮೇಲೆ ಆ ಸೀರೆಯನ್ನು ಒಗೆಯಲೇಬೇಕಾಯಿತು. ಈ ಸಲ ಹಿಂಡಲು ಇಬ್ಬರಿದ್ದರು.

೯. ಮರುದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೊಂದು ಜೋಡಿ ಇರಲಿಲ್ಲ. ಹರಾಜು ಹತ್ತಿರ ಬಂದಿತ್ತು. ಅರ್ಜಿದಾರಳು ಆಸೆ ಬಿಟ್ಟು, ಲಾಟೀನನ್ನು ಮತ್ತೆ ಬಿಚ್ಚಿ ತುಂಬಲೆಂದು ಡಬ್ಬಿಯನ್ನು ಹುಡುಕಿ ಮೇಜಿನ ಮೇಲೆ ಇಟ್ಟಿದ್ದಳು. ಆಗ ಅತ್ತೆ, ಅಂತ್ಯಕ್ರಿಯೆಯ ನಂತರ ಒಮ್ಮೆಯೂ ಹೊಸ್ತಿಲು ದಾಟಿರದವರು, ಚಪ್ಪಲಿ ಮೆಟ್ಟಿ ಹೊರಟರು. ಎಲ್ಲಿಗೆಂದರೆ ಹೇಳಲಿಲ್ಲ. ಬಿಸಿಲು ಇಳಿದ ಮೇಲೆ ಮುಖ ಕೆಂಪಾಗಿಸಿಕೊಂಡು ಮರಳಿ, ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಒಂದು ಮ್ಯಾಂಟಲ್.

"ಎಲ್ಲಿ ಸಿಕ್ತು ಅತ್ತೆ?"

"ಕೆರೆ ಹತ್ರ ಮೀನಿನ ಬಲೆ ಮಾರ್ತಾರಲ್ಲ, ಅಲ್ಲಿ. ಕತ್ತಲಲ್ಲಿ ಮೀನು ಹಿಡಿಯೋರಿಗೆ ಬೇಕಾಗತ್ತಂತೆ. ಬರೀ ಕೈಲಿ ಮುಟ್ಟಿಲ್ಲ. ಒಗೆದಿಲ್ಲ. ಮೂಸಿ ನೋಡು ಬೇಕಾದ್ರೆ."

ಆ ಸಂಜೆ ಲಾಟೀನು ಉರಿಯಿತು. ಮೊದಲು ಮ್ಯಾಂಟಲ್ ಕಪ್ಪಾಯಿತು, ಆಮೇಲೆ ಬಿಳಿಯ ಬೂದಿಯಾಯಿತು. ಪಂಪು ಹೊಡೆಯುತ್ತ ಹೋದಂತೆ ಸುಂಯ್ ಎಂದು ಸದ್ದು ಮಾಡುತ್ತ ಕಣ್ಣು ಕೋರೈಸುವಂತೆ ಬೆಳಗಿತು. ಸುಟ್ಟು ಬೂದಿಯಾದದ್ದೇ ಬೆಳಕು ಕೊಡುವ ಈ ಸಂಗತಿಯಲ್ಲಿ ಅರ್ಜಿದಾರಳಿಗೆ ಕೂಡಲೇ ಕೆಲವು ದೊಡ್ಡ ಅರ್ಥಗಳು ಹೊಳೆದವು. ಅವುಗಳನ್ನು ಅತ್ತೆಗೆ ಹೇಳಲು ಬಾಯಿ ತೆರೆದಳು.

"ಅಬ್ಬಾ, ಏನು ಬೆಳಕೇ!" ಎಂದರು ಅತ್ತೆ. "ಅಟ್ಟದ ಮೂಲೇಲಿ ಜೇಡರ ಬಲೆ ನೋಡು. ಪೊರಕೆ ತಾ."

ಅರ್ಥಗಳನ್ನು ಅಲ್ಲಿಗೇ ಕೈಬಿಡಲಾಯಿತು.

೧೦. ಇಂದು ಬೆಳಗ್ಗೆ ಅರ್ಜಿದಾರಳು ಲಾಟೀನಿನೊಂದಿಗೆ ತಮ್ಮ ಮುಂದೆ ಹಾಜರಾದಳು. ತಾವು ಅದನ್ನು ಸುತ್ತ ತಿರುಗಿಸಿ ನೋಡಿ ತಲೆ ಕೆರೆದುಕೊಂಡಿರಿ.

"ಇದೊಳ್ಳೆ ಪೇಚಾಯ್ತಲ್ಲಮ್ಮಾ. ಗುಜರಿ ಕೋಣೇಲಿ ಕೆಲಸ ಮಾಡೋ ವಸ್ತು ಇಡೋ ಹಾಗಿಲ್ಲ. ಒಳ್ಳೇ ಸಾಮಾನಿನ ಕೋಣೆಗೆ ಸೇರಿಸೋಣ ಅಂದ್ರೆ ಇದು ಅಲ್ಲಿಂದ ಹೋಗಿದ್ದಲ್ಲ. ಒಂದು ಕೆಲಸ ಮಾಡಿ. ಆ ಬತ್ತಿ ಚೀಲಕ್ಕೆ ಒಂದು ಬೆರಳು ತಾಗಿಸಿ. ಉದುರತ್ತೆ. ಕೆಟ್ಟಿದೆ ಅಂತ ತಗೊಂಡುಬಿಡ್ತೀನಿ."

"ಅದು ತೂಕಕ್ಕೆ ಹೋಗತ್ತಲ್ಲ ಸಾರ್?"

"ಹೋಗತ್ತೆ. ಅಥವಾ ಹೀಗೆ ಮಾಡಿ." ತಾವು ದನಿ ತಗ್ಗಿಸಿದಿರಿ. "ಮನೆಗೆ ತಗೊಂಡು ಹೋಗಿ. ನೆನಪಿಗೆ ಇರ್ಲಿ. ಕಳೆದುಹೋಗಿದೆ ಅಂತ ಬರ್ಕೋತೀನಿ."

ಅರ್ಜಿದಾರಳು ಲಾಟೀನಿನ ಹಿಡಿಯನ್ನು ಬಿಟ್ಟಿರಲಿಲ್ಲ. ತಾವು ಒಳ್ಳೆಯ ಮನಸ್ಸಿನಿಂದ ಹೇಳಿದ ಈ ಮಾತಿಗೆ ಅವಳ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು ಎಂಬುದನ್ನು ಮುಚ್ಚಿಡುವಂತಿಲ್ಲ. ಮೃತರು ಕೊನೆಯದಾಗಿ ಕೈಯಿಟ್ಟ ವಸ್ತು ಅದು. ಕಪಾಟಿನ ಮೇಲೆ ಅದಕ್ಕೊಂದು ಜಾಗವನ್ನೂ ಅವಳು ಮನಸ್ಸಿನಲ್ಲೇ ಖಾಲಿ ಮಾಡಿದಳು.

"ಯಾರು ಕಳೆದದ್ದು ಅಂತ ಬರೀತೀರಿ ಸಾರ್?"

"ಅವರ ಹೆಸರೇ. ಇನ್ಯಾರದ್ದು? ಅವರಿಗೆ ಈಗ ಅದರಿಂದ ಏನಾಗ್ಬೇಕು?"

"ಅವರು ಕಳೆದಿಲ್ಲ ಸಾರ್" ಎಂದಳು. "ಛತ್ರಿ ಬಿಟ್ರೆ ಅವರು ಏನನ್ನೂ ಕಳೀತಿರ್ಲಿಲ್ಲ."

ತಾವು ಪೆನ್ನು ಕೆಳಗಿಟ್ಟಿರಿ. ಬಳಿಕ, ಇದು ನಿಜವಾಗಿ ಉರಿಯುತ್ತದೆಂದು ಏನು ಖಾತ್ರಿ ಎಂದು ಕೇಳಿದಿರಿ. ಅರ್ಜಿದಾರಳು ಲಾಟೀನನ್ನು ಕೌಂಟರಿನ ಮೇಲಿಟ್ಟು, ಸ್ಪಿರಿಟ್ ಹಾಕಿ ಕಾಯಿಸಿ, ಪಂಪು ಹೊಡೆದು, ಹಾಡುಹಗಲಲ್ಲಿ ದೀಪ ಹೊತ್ತಿಸಿದಳು. ತಮ್ಮ ನೆಲಮಾಳಿಗೆಯ ಒಂದೇ ಟ್ಯೂಬ್‌ಲೈಟು ಆ ಬೆಳಕಿನಲ್ಲಿ ಉರಿಯುತ್ತಿದೆಯೋ ಇಲ್ಲವೋ ತಿಳಿಯದಂತಾಯಿತು. ಸದ್ದು ಕೇಳಿ ನಕ್ಷೆ ವಿಭಾಗದವರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಮೆಟ್ಟಿಲಿಳಿದು ಬಂದರು. ಜವಾನರು, "ನಮ್ಮ ಸಾಹೇಬ್ರದ್ದು" ಎಂದು ಒಬ್ಬೊಬ್ಬರಿಗೂ ಹೇಳಿದರು. ಯಾರೂ ಹೋಗಲಿಲ್ಲ. ತಾವು ಕನ್ನಡಕ ತೆಗೆದು ಒರೆಸಿದಿರಿ, ಮತ್ತೆ ಹಾಕಿಕೊಂಡು ಮತ್ತೆ ತೆಗೆದಿರಿ.

"ಅವತ್ತು ನಾನು ನಕ್ಕುಬಿಟ್ಟೆ" ಎಂದಿರಿ. ಆಮೇಲೆ ಹಾಳೆಗಳನ್ನು ಮುಂದೆ ತಳ್ಳಿದಿರಿ. "ಇದನ್ನ ತಕ್ಕಡಿಗೆ ಹಾಕೋದು ನನ್ನಿಂದಾಗಲ್ಲ. ಒಂದು ಅರ್ಜಿ ಬರ್ದಿಡಿ. ಕೆಟ್ಟಿದ್ದು ಹೇಗೆ ಸರಿಹೋಯ್ತು ಅಂತ ಮೊದಲಿಂದ ಬರ್ದು ಕೊಡಿ. ಊಟ ಮಾಡಿ ಬಂದು ಸಹಿ ಹಾಕ್ತೀನಿ."

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ:

ಅ) ಸದರಿ ಲಾಟೀನನ್ನು ಗುಜರಿ ಪಟ್ಟಿಯಿಂದ ತೆಗೆದು ಒಳ್ಳೆಯ ಸಾಮಾನಿನ ಕೋಣೆಗೆ ಸೇರಿಸುವುದು.

ಆ) 'ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು' ಎಂಬ ನಿಯಮವನ್ನು ಪಾಲಿಸಲಾಗದಿದ್ದುದಕ್ಕೆ ಮೃತರ ಮೇಲಿನ ಶಿಸ್ತುಕ್ರಮವನ್ನು ಕೈಬಿಡುವುದು. ಕೈಬಿಡಲಾಗದಿದ್ದಲ್ಲಿ, ಆ ಬಗ್ಗೆ ಅವರಿಗೆ ಇನ್ನೊಂದು ಪತ್ರ ಬರೆಯುವುದು. ಮನೆಯಲ್ಲಿ ಸಹಿ ಹಾಕಿ ತೆಗೆದುಕೊಳ್ಳಲಾಗುವುದು.

ಇ) ಹಿಂದಿರುಗಿಸಿದವರ ಹೆಸರು ಎಂಬಲ್ಲಿ ಮೃತರ ಹೆಸರನ್ನೇ ಬರೆಯುವುದು. ಅರ್ಜಿದಾರಳು ಹೊತ್ತು ತಂದವಳು ಮಾತ್ರ.

ಇಷ್ಟು ಬರೆದ ಮೇಲೂ ತಮ್ಮ ನಂಬಿಕೆಗೆ ಅರ್ಹಳೆಂದು ಭಾವಿಸಿರುವ,

ಅರ್ಜಿದಾರಳು
(ಸಹಿ, ಮಸಿಯ ಗುರುತು ಹೆಬ್ಬೆರಳಿನದು, ಉದ್ದೇಶಪೂರ್ವಕವಲ್ಲ)

ಲಗತ್ತುಗಳು:
೧. ಲಾಟೀನು, ಒಂದು. ಬಿಸಿಯಾಗಿದೆ, ಮುಟ್ಟಬಾರದು.
೨. ಒಗೆದು ಗಂಜಿ ಹಾಕಿದ ಮ್ಯಾಂಟಲ್, ಒಂದು. ಕಂಡಿಕೆ ೮ರ ಸಾಕ್ಷ್ಯವಾಗಿ.
೩. ತಿರುಪು, ಒಂದು. ಪೂರ್ತಿ ಕೂಡಿಸಿದ ಮೇಲೆ ಉಳಿದದ್ದು. ಎಲ್ಲಿಯದೆಂದು ಮೃತರಿಗೆ ಗೊತ್ತಿತ್ತು. ಅದಿಲ್ಲದೆಯೂ ಉರಿಯುತ್ತದೆ.
೪. ತಮ್ಮ ಜ್ಞಾಪನ ಪತ್ರದ ನಕಲು. ಮೂಲ ಪ್ರತಿ ಅರ್ಜಿದಾರಳ ಬಳಿ ಇರುತ್ತದೆ.

ಕೊನೆಯ ಕೋರಿಕೆ: ಈ ಅರ್ಜಿ ತಮ್ಮ ಕೈ ಸೇರುವ ಹೊತ್ತಿಗೆ ಲಾಟೀನು ಕೌಂಟರಿನ ಮೇಲೆ ಉರಿಯುತ್ತಿರುತ್ತದೆ. ಜವಾನರು ಪಕ್ಕದಲ್ಲಿ ಕಾವಲಿಗಿರುತ್ತಾರೆ, ಅರ್ಜಿದಾರಳು ಹೊರಟಿರುತ್ತಾಳೆ. ಮನೆಯಲ್ಲಿ ಹೊತ್ತಿಸಿದಾಗಲೆಲ್ಲ ಅದು ಎಣ್ಣೆ ಮುಗಿದು ತಾನಾಗಿಯೇ ಆರಿದೆ. ಹೊತ್ತಿಸುವುದನ್ನು ಅರ್ಜಿದಾರಳು ಕಲಿತಿದ್ದಾಳೆ, ಆರಿಸುವುದು ಅವಳಿಂದ ಈವರೆಗೆ ಆಗಿಲ್ಲ. ಆದ ಕಾರಣ ಆ ಕೆಲಸವನ್ನು ಕಚೇರಿಯೇ ವಹಿಸಿಕೊಳ್ಳಬೇಕಾಗಿ ವಿನಂತಿ. ಗಾಳಿ ಬಿಡುವ ತಿರುಪು ಎಣ್ಣೆ ಹಾಕುವ ಮುಚ್ಚಳದ ಮೇಲಿದೆ. ಎಡಕ್ಕೆ ತಿರುಗಿಸಬೇಕು. ನಿಧಾನವಾಗಿ.